ಒಳಗಿನ ಕಲ್ಲಿಗೆ ಕ್ಯೂರಿಂಗ್

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಪುಣೆಯ ವಾಕಡದಲ್ಲಿ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಏಳನೆಯ ಸ್ಲ್ಯಾಬಿನ ಮೇಲೆ ಸಾಬವ್ವ ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ಕಾಂಕ್ರೀಟಿಗೆ ನೀರು ಹೊಡೆಯುತ್ತಿದ್ದಳು. ಹಿಂದಿನ ದಿನವಷ್ಟೇ ಹಾಕಿದ ಸ್ಲ್ಯಾಬು. ಅದರ ಮೇಲೆ ಗಾರೆಯಿಂದ ಗೇಣುದ್ದದ ಎತ್ತರವೂ ಇಲ್ಲದ ಬದುಗಳನ್ನು ಕಟ್ಟಿ, ಗದ್ದೆಯ ಮಡಿಗಳ ಹಾಗೆ ಚೌಕ ಚೌಕ ಮಾಡಿ, ಒಂದೊಂದರಲ್ಲೂ ನೀರು ನಿಲ್ಲುವಂತೆ ನೋಡಿಕೊಳ್ಳುವುದು ಅವಳ ಕೆಲಸ. ಎಂಜಿನಿಯರು ಅದನ್ನು ಕ್ಯೂರಿಂಗ್ ಎನ್ನುತ್ತಾನೆ. ಸಾಬವ್ವ ಅದನ್ನು ‘ನೀರು ಕುಡಿಸೋದು’ ಎನ್ನುತ್ತಾಳೆ.

ಮೂಲೆಯ ಮಡಿ ತುಂಬುವ ಹೊತ್ತಿಗೆ ಅವಳ ಎಡ ಪಕ್ಕೆಯೊಳಗೆ ಯಾರೋ ಕೈ ಹಾಕಿ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಪೈಪು ಕೈಜಾರಿತು. ಸಾಬವ್ವ ನಿಂತ ನೀರಿನಲ್ಲೇ ಕುಸಿದು ಕೂತಳು.

ಸಿಮೆಂಟಿನ ಬುಟ್ಟಿ ಹೊತ್ತು ಮೇಲೆ ಬಂದ ಅನುಸೂಯಾ ಮೊದಲು ನಕ್ಕಳು. “ಏ ಸಾಬಕ್ಕಾ, ಸ್ಲ್ಯಾಬಿನ ಮ್ಯಾಲ ಕುಂತು ಜಳಕ ಮಾಡ್ಲಿಕ್ಕತ್ತೀ ಏನ?”

“ಜಳಕ ಅಲ್ಲ ಹುಡುಗಿ, ಜೀವ ಹೊಂಟದ,” ಎಂದು ಸಾಬವ್ವ ಹಲ್ಲು ಕಚ್ಚಿದಳು. “ಕೆಳಗ ಹೋಗಿ ನಮ್ಮನಿಯವರನ್ನ ಕರಿ.”

ಅವಳ ಮನೆಯವರೆಂದರೆ ಅಂಬಣ್ಣ, ಅದೇ ಕಟ್ಟಡದ ಗೌಂಡಿ. ಇಬ್ಬರೂ ಯಾದಗಿರಿ ಸೀಮೆಯವರು. ಮದುವೆಯಾದ ವರ್ಷವೇ ಪುಣೆಗೆ ಬಂದು, ಒಂದು ಕಟ್ಟಡ ಮುಗಿದರೆ ಇನ್ನೊಂದರ ಹಿಂದಿನ ತಗಡಿನ ಶೆಡ್ಡಿಗೆ ಸಂಸಾರ ಸಾಗಿಸುತ್ತ ಇಪ್ಪತ್ತೈದು ವರ್ಷ ಕಳೆದವರು. ಅವನು ಗೋಡೆ ಕಟ್ಟುತ್ತಾನೆ, ಅವಳು ಅದಕ್ಕೆ ನೀರು ಕುಡಿಸುತ್ತಾಳೆ. ಸಿಟಿ ಬಸ್ಸಿನಲ್ಲಿ ಹೋಗುವಾಗ ಸಾಬವ್ವ ಕಿಟಕಿಯಿಂದ ಬೆರಳು ತೋರಿಸಿ, “ಅಗೋ, ಆ ಹಳದಿ ಬಿಲ್ಡಿಂಗ್, ಅದು ನನ್ನ ಕೈಯಾಗ ನೀರು ಕುಡದು ಬೆಳದದ್ದು,” ಎಂದು ಪಕ್ಕದಲ್ಲಿ ಕೂತವರಿಗೆ, ಅವರು ಕೇಳಲಿ ಬಿಡಲಿ, ಹೇಳುತ್ತಾಳೆ. ಕಾಂಕ್ರೀಟಿಗೆ ಗಟ್ಟಿತನ ಬರುವುದು ಒಣಗಿ ಅಲ್ಲ, ನೀರು ಸಿಕ್ಕಿ. ಸಿಮೆಂಟು ನೀರಿನೊಡನೆ ಕೂಡಿಕೊಂಡೇ ಕಲ್ಲಾಗುವುದು. ಇದನ್ನು ಅವಳಿಗೆ ಯಾರೂ ಪಾಠ ಹೇಳಿರಲಿಲ್ಲ. ನೀರು ಕುಡಿದ ಗೋಡೆಗೆ ಮೊಳೆ ಹೊಡೆದರೆ ಬರುವ ಸದ್ದು, ಕುಡಿಯದ ಗೋಡೆಯ ಸದ್ದು ಎರಡನ್ನೂ ಕೇಳಿ ಕಲಿತದ್ದು.

ಹೀಗೆ ದಿನವಿಡೀ ನೀರಿನಲ್ಲೇ ನಿಲ್ಲುವ ಸಾಬವ್ವ ತಾನು ಮಾತ್ರ ನೀರು ಕುಡಿಯುತ್ತಿರಲಿಲ್ಲ. ಹೆಂಗಸರ ಪಾಯಖಾನೆ ಇದ್ದದ್ದು ಗೇಟಿನ ಪಕ್ಕದಲ್ಲಿ. ಲಿಫ್ಟು ಸಾಮಾನಿಗೆ, ಮನುಷ್ಯರಿಗಲ್ಲ. ಪ್ರತಿಸಲ ಏಳು ಮಹಡಿ ಇಳಿದು ಹತ್ತುವುದಕ್ಕಿಂತ ಬಾಯಿ ಒಣಗಿಸಿಕೊಂಡಿರುವುದೇ ಹಗುರ ಎಂದು ಅವಳು ಎಂದೋ ತೀರ್ಮಾನಿಸಿದ್ದಳು. ಬೆಳಿಗ್ಗೆ ಒಂದು ಕಪ್ ಚಹಾ, ಮಧ್ಯಾಹ್ನ ರೊಟ್ಟಿಯ ಮೇಲೆ ಒಂದು ಲೋಟ ನೀರು. ಮಿಕ್ಕದ್ದು ಸಂಜೆ ಮನೆಯಲ್ಲಿ.

ಅಂಬಣ್ಣ ಅವಳನ್ನು ರಿಕ್ಷಾದಲ್ಲಿ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಸಿಂಧು, ಮಳವಳ್ಳಿಯ ಕಡೆಯವಳು, ಮೂವತ್ತರ ಆಸುಪಾಸಿನವಳು. ರೋಗಿಗಳೊಡನೆ ಮರಾಠಿಯಲ್ಲಿ ಏಗಿ ಸಾಕಾಗಿದ್ದ ಅವಳಿಗೆ ಅಂಬಣ್ಣನ ಬಾಯಿಂದ “ಹೊಟ್ಟಿ ಭಾಳ ನೋಯ್ಲಿಕ್ಕತ್ತದ್ರಿ” ಎಂಬ ಮಾತು ಬಿದ್ದಾಗ, ನೋವು ಕೇಳುವ ಮೊದಲೇ ಮುಖ ಅರಳಿಬಿಟ್ಟಿತು. ನೋವಿಗೆ ಇಂಜೆಕ್ಷನ್ ಕೊಟ್ಟಳು. ಸ್ಕ್ಯಾನ್ ಮಾಡಿಸಿದಳು.

“ಕಿಡ್ನಿ ಸ್ಟೋನ್ ಅಮ್ಮಾ. ಕಲ್ಲು. ಕಿಡ್ನಿಯಿಂದ ಇಳಿದು ಅದರ ಕೆಳಗಿನ ನಾಳದಲ್ಲಿ ಸಿಕ್ಕಾಕೊಂಡಿದೆ. ಚಿಕ್ಕದೇ, ತಾನಾಗೇ ಹೋಗೋ ಚಾನ್ಸ್ ಜಾಸ್ತಿ. ಮಾತ್ರೆ ಬರೆದಿದೀನಿ. ಚೆನ್ನಾಗಿ ನೀರು ಕುಡೀರಿ. ಜ್ವರ ಏನಾದ್ರೂ ಬಂದ್ರೆ ಒಂದು ಗಂಟೆನೂ ಕಾಯ್ಬೇಡಿ, ಬಂದ್ಬಿಡಿ. ಎರಡು ವಾರ ಬಿಟ್ಟು ನೋಡೋಣ.”

“ಹೋಗಲಿಲ್ಲಂದ್ರ?” ಎಂದು ಸಾಬವ್ವ ಕೇಳಿದಳು.

“ಆಪರೇಷನ್ ಮಾಡಿ ತೆಗೀಬೇಕಾಗತ್ತೆ. ದೊಡ್ಡದೇನಲ್ಲ. ಆದ್ರೂ ಅಡ್ಮಿಟ್ ಆಗ್ಬೇಕು, ಆಮೇಲೆ ಸ್ವಲ್ಪ ದಿನ ಓಡಾಟ ಬೇಡ.”

ಸಾಬವ್ವ ಬೆರಳು ಮಡಚಿ ವಾರ ಎಣಿಸತೊಡಗಿದಳು. ಆಪರೇಷನ್ನಿನ ಭಯಕ್ಕಲ್ಲ. ಅಲ್ಲಿಂದ ಮೂರನೆಯ ಭಾನುವಾರ, ಪುಣೆ ಹತ್ತಿರದ ಶಿರೂರಿನಲ್ಲಿ ಮಗಳು ಶಿವಕಾಂತಾಳ ಕುಬಸ, ಅಂದರೆ ಸೀಮಂತ. ಅಳಿಯ ಅಂಬಾದಾಸ ಅಲ್ಲಿನ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ಬಸುರಿ ಮಗಳಿಗೆ ತವರಿನಿಂದ ಹಸಿರು ಸೀರೆ, ಹಸಿರು ಕುಬಸ ಒಯ್ದು, ಆ ಕುಬಸವನ್ನು ತಾಯಿಯೇ ತೊಡಿಸಿ ಉಡಿ ತುಂಬಬೇಕು. ಸಾಬವ್ವ ಶಿವಕಾಂತಾಳನ್ನು ಹೊತ್ತಿದ್ದಾಗ ಅವಳ ತಾಯಿಗೆ ಪುಣೆಯ ದಾರಿ ಗೊತ್ತಿರಲಿಲ್ಲ. ಸೈಟಿನ ಹೆಂಗಸರು ಸೇರಿ ಬಳೆ ತೊಡಿಸಿ, ಹಾಡು ಹೇಳಿ, ಕಡುಬು ತಿನಿಸಿ ನಗಿಸಿ ನಲಿಸಿದ್ದರು. ಎಲ್ಲ ಇತ್ತು, ಕುಬಸದ ಗುಂಡಿ ಹಾಕುವ ಅವ್ವನ ಕೈ ಮಾತ್ರ ಇರಲಿಲ್ಲ. ಮಗಳ ಕುಬಸದಲ್ಲಿ ಹಾಗಾಗಬಾರದೆಂದು ಅವಳ ಮದುವೆಯ ದಿನವೇ ಸಾಬವ್ವ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು.

ಆದ್ದರಿಂದ ಕಲ್ಲು ಹೋಗಬೇಕು. ಹೋಗಬೇಕಾದರೆ ಅದು ಗಟ್ಟಿಯಾಗಬಾರದು. ಗಟ್ಟಿಯಾಗಬಾರದೆಂದರೆ ಏನು ಮಾಡಬೇಕೆಂದು ಪುಣೆಯಲ್ಲಿ ಸಾಬವ್ವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅಂದಿನಿಂದ ಅವಳು ಇದ್ದಷ್ಟು ನೀರನ್ನೂ ಕಡಿಮೆ ಮಾಡಿದಳು.

ಮೊದಲ ವಾರ ನೋವು ಬಂದು ಹೋಗಿ ಮಾಡಿತು. ಎರಡನೆಯ ವಾರ ಬಂದದ್ದು ಹೋಗಲೇ ಇಲ್ಲ. ಆ ವಾರ ಮುಗಿದ ಸೋಮವಾರ ಮಧ್ಯಾಹ್ನ ವಾಂತಿಯೂ ಆಯಿತು. ಅಂಬಣ್ಣ ಮತ್ತೆ ರಿಕ್ಷಾ ಕರೆದ.

ಸಿಂಧು ಸ್ಕ್ಯಾನಿನ ಚಿತ್ರವನ್ನು ಎರಡೆರಡು ಸಲ ನೋಡಿದಳು. ಕಲ್ಲು ಇದ್ದಲ್ಲೇ ಇತ್ತು. ಮೇಲೆ ಮೂತ್ರ ಕಟ್ಟಿಕೊಂಡು ಕಿಡ್ನಿ ಸ್ವಲ್ಪ ಊದಿಕೊಂಡಿತ್ತು.

“ಅಮ್ಮಾ, ನೀರು ಕುಡೀತಿದೀರಾ?”

“ಕುಡೀಲಿಕ್ಕತ್ತೀನ್ರಿ, ಡಾಕ್ಟರಬಾಯಿ.”

ಸಿಂಧು ಮೂತ್ರಪರೀಕ್ಷೆಯ ಪುಟ್ಟ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಾಲು ಹಾಕದ ಚಹಾದ ಬಣ್ಣ. “ಇದು ನೀರು ಕುಡಿಯೋರ ಬಣ್ಣ ಅಲ್ವಲ್ಲಮ್ಮಾ.”

ಅಂಬಣ್ಣನಿಗೆ ತಡೆಯಲಾಗಲಿಲ್ಲ. “ಕುಡಿಯಂಗಿಲ್ರಿ ಈಕಿ! ನಾ ದಿನಾ ತಂಬಗಿ ತುಂಬಿ ಮುಂದ ಇಡ್ತೀನಿ, ಒಯ್ದು ತುಳಸಿಗಿಡಕ್ಕ ಹಾಕ್ತಾಳ.”

“ಗಿಡ ಭಾಳ ಚಂದ ಬೆಳದದ, ಅದನ್ನೂ ಹೇಳ್ರಿ,” ಎಂದಳು ಸಾಬವ್ವ, ನೋವಿನಲ್ಲೂ.

“ಯಾಕಮ್ಮಾ ಹಿಂಗೆ ಮಾಡ್ತೀರಾ?”

ಸಾಬವ್ವ ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ತಿರುವಿದಳು. ಆಮೇಲೆ, ಹೇಳಿಬಿಡುವುದೇ ಸರಿ ಎಂದು ಗಂಟಲು ಸರಿಮಾಡಿಕೊಂಡಳು.

“ಸಿಟ್ಟಾಗಬ್ಯಾಡ್ರಿ ಬಾಯಿ. ನೀವು ಕಲ್ಲು ಅಂದ್ರಿ. ನಾ ಇಪ್ಪತ್ತೈದು ವರ್ಷ ಸಿಮಿಟಿನ ಧೂಳಾಗೇ ರೊಟ್ಟಿ ಉಂಡಾಕಿ. ಆ ಸಿಮಿಟೇ ಒಳಗ ಹೋಗಿ ಕುಂತದ. ಸಿಮಿಟಿಗಿ ನೀರು ಹಾಕಿದ್ರ ಏನಾಗ್ತದ? ಸೆಟ್ ಆಗ್ತದ. ದಿನಾ ಹಾಕಿದ್ರ? ಮೊಳಿ ಸುದ್ದಾ ಇಳಿಯಂಗಿಲ್ಲ, ಅಷ್ಟು ಗಟ್ಟಿ ಆಗ್ತದ. ನಾ ಅದೇ ಕೆಲಸದಾಕಿ. ಒಳಗಿನ ಕಲ್ಲಿಗಿ ನಾನೇ ಕ್ಯೂರಿಂಗ್ ಮಾಡ್ಕೊಳ್ಳೇನು?”

ಸಿಂಧುವಿಗೆ ನಗು ಎಲ್ಲಿಂದಲೋ ಉಕ್ಕಿ ಬಂತು. ಬಾಗಿಲಾಚೆ ಕೂತ ನರ್ಸು ಇಣುಕಿ ನೋಡುವಷ್ಟು ನಕ್ಕಳು.

“ಲಾಜಿಕ್ ಪರ್ಫೆಕ್ಟಾಗಿದೆ ಅಮ್ಮಾ,” ಎಂದಳು ಕಣ್ಣೊರೆಸಿಕೊಂಡು. “ಆದ್ರೆ ಇದು ಬೇರೆ ಕಲ್ಲು. ತಪ್ಪು ನಂದು, ನೀರು ಕುಡೀರಿ ಅಂದೆ, ಯಾಕೆ ಅಂತ ಹೇಳ್ಲಿಲ್ಲ. ನುಂಗಿದ ಧೂಳು ಹೊಟ್ಟೆಗೆ ಹೋಗಿ ಹಾಗೇ ಆಚೆ ಹೋಗತ್ತೆ, ಉಸಿರಲ್ಲಿ ಎಳ್ಕೊಂಡಿದ್ದು ಶ್ವಾಸಕೋಶಕ್ಕೆ ಹೋಗತ್ತೆ. ಅದಕ್ಕೆ ನೀವು ಬಾಯಿಗೆ ಬಟ್ಟೆ ಕಟ್ಕೊಳ್ಳಿ, ಅದು ಬೇರೆ ಮಾತು. ಕಿಡ್ನಿಗೆ ಮಾತ್ರ ಧೂಳು ಹೋಗಲ್ಲ. ಅಲ್ಲಿಗೆ ಬರೋದು ರಕ್ತದಲ್ಲಿ ಕರಗಿರೋದು ಅಷ್ಟೇ. ಈಗ ಹೇಳಿ, ಕಲ್ಲುಸಕ್ಕರೆ ಹೆಂಗೆ ಮಾಡ್ತಾರೆ?”

“ಸಕ್ರಿ ಪಾಕ ಗಟ್ಟಿ ಮಾಡ್ತಾರ್ರಿ. ಅದರಾಗ ದಾರ ಇಳೀಬಿಟ್ಟು, ಅಲುಗಾಡಿಸ್ದಂಗ ಇಡ್ತಾರ. ದಾರಕ್ಕ ಹರಳು ಹಿಡೀತಾವ.”

“ಆ ಪಾಕಕ್ಕೆ ಒಂದು ಕೊಡ ನೀರು ಸುರಿದುಬಿಟ್ರೆ?”

“ಹರಳು ಎಲ್ಲಿ ಹಿಡೀತಾವ್ರಿ? ಪಾನಕ ಆಗ್ತದ.” ಅಷ್ಟು ಹೇಳಿದ ಸಾಬವ್ವ ಬಾಯಿ ತೆರೆದುಕೊಂಡೇ ಕೂತಳು. ಸಿಂಧು ಮುಂದಿನ ಮಾತು ಹೇಳುವ ಅಗತ್ಯವಿರಲಿಲ್ಲ. ಆದರೂ ಹೇಳಿದಳು.

ಕಿಡ್ನಿ ರಕ್ತವನ್ನು ಸೋಸಿ ಬೇಡದ್ದನ್ನು ನೀರಿನಲ್ಲಿ ಕರಗಿಸಿ ಹೊರಗೆ ಕಳಿಸುತ್ತದೆ. ಹಾಗೆ ಹೋಗುವುದರಲ್ಲಿ ಕ್ಯಾಲ್ಸಿಯಂ ಇರುತ್ತದೆ, ಸೊಪ್ಪು ಶೇಂಗಾಗಳಿಂದ ಬರುವ ಆಕ್ಸಲೇಟ್ ಎಂಬುದಿರುತ್ತದೆ. ಆಕ್ಸಲೇಟನ್ನು ದೇಹ ತಾನೂ ಒಂದಿಷ್ಟು ತಯಾರಿಸುತ್ತದೆ. ನೀರು ಸಾಕಷ್ಟಿದ್ದರೆ ಎರಡೂ ತಮ್ಮ ಪಾಡಿಗೆ ತಾವು ಕರಗಿಕೊಂಡು ಹರಿದುಹೋಗುತ್ತವೆ. ಬಿಸಿಲಿನಲ್ಲಿ ಬೆವರು ಹರಿದು, ಬಾಯಿಗೆ ನೀರು ಬೀಳದೆ ಹೋದರೆ ಮೂತ್ರ ಪಾಕವಾಗುತ್ತದೆ. ಇನ್ನು ಕರಗಿಸಿಟ್ಟುಕೊಳ್ಳಲಾರದಷ್ಟು ಗಟ್ಟಿಯಾದಾಗ ಕ್ಯಾಲ್ಸಿಯಂ ಆಕ್ಸಲೇಟುಗಳು ಕೂಡಿ ಕಣ್ಣಿಗೆ ಕಾಣದ ಹರಳು ಕಟ್ಟುತ್ತವೆ. ಬಹಳಷ್ಟು ಹರಳುಗಳು ಹರಿದು ಹೋಗಿಬಿಡುತ್ತವೆ. ಆದರೆ ಕಿಡ್ನಿಯ ಒಳಗೋಡೆಯಲ್ಲಿ, ಮೂತ್ರ ತೊಟ್ಟಿಕ್ಕುವ ತುದಿಯಲ್ಲಿ, ಕೆಲವರಿಗೆ ಸುಣ್ಣದಂಥ ಸಣ್ಣ ಕಲೆ ಇರುತ್ತದೆ. ಅದೇ ದಾರ. ಅದಕ್ಕೆ ಒಂದು ಹರಳು ಅಂಟಿದರೆ ಅದರ ಮೇಲೆ ಇನ್ನೊಂದು, ಪದರದ ಮೇಲೆ ಪದರ. ತಿಂಗಳು ವರ್ಷಗಳ ಕೆಲಸ. ಬೆಳೆಯುವಷ್ಟು ದಿನ ಸದ್ದಿಲ್ಲ. ಒಂದು ದಿನ ಕಳಚಿ ನಾಳಕ್ಕೆ ಬೀಳುತ್ತದೆ. ಆ ನಾಳವೋ ಜೋಳದ ಕಾಳು ತೂರುವಷ್ಟು ಅಗಲ. ಅದು ಕಲ್ಲನ್ನು ದೂಡಲು ಹಿಂಡುತ್ತದೆ, ಹಿಂದೆ ಮೂತ್ರ ಕಟ್ಟಿ ಒತ್ತುತ್ತದೆ. ಸಾಬವ್ವನ ಪಕ್ಕೆಯಲ್ಲಿ ಒದ್ದೆ ಬಟ್ಟೆ ಹಿಂಡಿದ್ದು ಅದೇ.

“ಅಂದ್ರ ನೀರು ಕುಡದ್ರ ಈಗಿನ ಕಲ್ಲು ಕರಗ್ತದ?”

“ಇಲ್ಲಮ್ಮಾ, ಸುಳ್ಳು ಹೇಳಲ್ಲ. ಈ ತರ ಕಲ್ಲು ನೀರಿಗೆ ಕರಗಲ್ಲ. ಬೆಳೆಯೋದು ನಿಲ್ಲತ್ತೆ, ಹೊಸದು ಆಗಲ್ಲ, ಇರೋದಕ್ಕೆ ದಾರಿ ಸಿಗತ್ತೆ. ನಿಂಬೆಹಣ್ಣು ಹಿಂಡ್ಕೊಂಡು ಕುಡೀರಿ, ಅದರಲ್ಲಿರೋ ಅಂಶ ಕ್ಯಾಲ್ಸಿಯಂನ ಹಿಡ್ಕೊಂಡು ಹರಳು ಕಟ್ಟೋಕೆ ಬಿಡಲ್ಲ. ಉಪ್ಪು ಕಮ್ಮಿ ಮಾಡಿ. ಹಾಲು ಬಿಟ್ಟಿದ್ದೀರಾ?”

“ನಾನೇ ಬಿಡಿಸೀನ್ರಿ,” ಎಂದ ಅಂಬಣ್ಣ ಹೆಮ್ಮೆಯಿಂದ. “ಹಾಲಿನಾಗ ಸುಣ್ಣ ಇರ್ತದಂತಲ್ಲ.”

“ಬಿಡಿಸ್ಬೇಡಿ. ಊಟದ ಜೊತೆ ಹಾಲು ಮೊಸರು ಇದ್ರೆ ಅದರ ಕ್ಯಾಲ್ಸಿಯಂ ಆಕ್ಸಲೇಟನ್ನ ಕರುಳಲ್ಲೇ ಹಿಡಿದು ಆಚೆ ಹಾಕತ್ತೆ. ಕಿಡ್ನಿವರೆಗೂ ಬರೋಕೇ ಬಿಡಲ್ಲ.”

ಅಂಬಣ್ಣ ಹೆಂಡತಿಯ ಕಡೆ ಕಣ್ಣು ಹಾಯಿಸಿದ. “ಹಂಗಾದ್ರ ಈಕಿ ಒಳಗ ಸಿಮಿಟಿಲ್ಲ, ಪಾಕ ಅದ ಅನ್ರಿ. ಮಾತು ಕೇಳಿದ್ರ ನನಗ ಸಿಮಿಟೇ ಅನ್ನಸ್ತಿತ್ತು.”

“ಮನಿಗಿ ಬರ್ರಿ, ಸೆಟ್ ಮಾಡ್ತೀನಿ,” ಎಂದಳು ಸಾಬವ್ವ.

ಸಿಂಧು ಮತ್ತೆ ಗಂಭೀರಳಾದಳು. ಕಿಡ್ನಿ ಇನ್ನೂ ಊದಿಕೊಂಡರೆ ಕಾಯುವಂತಿಲ್ಲ. ಶನಿವಾರದವರೆಗೆ ನೋಡುವುದು, ಇಳಿಯದಿದ್ದರೆ ಶನಿವಾರವೇ ಅಡ್ಮಿಟ್. ಮೂತ್ರವನ್ನು ಪ್ರತಿಸಲ ಸೋಸಬೇಕು, ಕಲ್ಲು ಸಿಕ್ಕರೆ ತಂದುಕೊಡಬೇಕು, ಅದು ಯಾವ ಜಾತಿಯದೆಂದು ಪರೀಕ್ಷೆಯಾಗಬೇಕು. ಶನಿವಾರದ ಮರುದಿನವೇ ಕುಬಸ ಎಂದು ಸಾಬವ್ವ ಹೇಳಿದಾಗ ಸಿಂಧು, “ಹಾಗಾದ್ರೆ ನಾಳೆಯಿಂದ ಅಲ್ಲ, ಈಗಿಂದ ಕುಡೀರಿ,” ಎಂದು ತನ್ನ ಮೇಜಿನ ಮೇಲಿನ ಬಾಟಲಿಯನ್ನೇ ಮುಂದಕ್ಕೆ ಸರಿಸಿದಳು.

ದಾರಿಯಲ್ಲೇ ಅಂಬಣ್ಣ ಚಹಾ ಸೋಸುವ ಹೊಸ ಜಾಲರಿ ಕೊಂಡ. ಮನೆಯ ಹಳೆಯದಕ್ಕೆ ಬೆರೆತುಹೋಗದಿರಲೆಂದು ಅದರ ಹಿಡಿಕೆಗೆ ಕೆಂಪು ದಾರ ಸುತ್ತಿದ. ಆದರೂ ಆ ವಾರವಿಡೀ ಪಕ್ಕದ ಶೆಡ್ಡುಗಳ ಒಬ್ಬರೂ ಅವರ ಮನೆಯಲ್ಲಿ ಚಹಾ ಕುಡಿಯಲಿಲ್ಲ. “ಈಗ ಕುಡದು ಬಂದೀವ್ರಿ” ಎಂಬುದೊಂದೇ ಮಾತು.

ಏಳು ಮಹಡಿಯ ತೊಡಕನ್ನು ಅನುಸೂಯಾ ಬಿಡಿಸಿದಳು. ಕೆಳಗೆ ಪಾರ್ಕಿಂಗಿನಲ್ಲಿ ಹೊಸ ಕಂಬಗಳಿದ್ದವು. ಗೋಣಿತಾಟು ಸುತ್ತಿ ಅವನ್ನು ಒದ್ದೆ ಇಡುವ ಕೆಲಸ ಆ ವಾರ ಅವಳದ್ದು. “ನೀ ಕೆಳಗ ಇರು ಸಾಬಕ್ಕಾ, ನಾ ಮ್ಯಾಲ ಹೋಗ್ತೀನಿ. ನನಗ ಹೆಂಗೂ ಊರು ನೋಡೋ ಹುಚ್ಚು,” ಎಂದು ಪೈಪು ಕಸಿದುಕೊಂಡು ಹತ್ತಿಯೇಬಿಟ್ಟಳು.

ಸಾಬವ್ವ ಕೆಲಸಕ್ಕೊಂದು ಕ್ರಮ ಹಾಕಿಕೊಂಡಳು. ಒಂದು ಕಂಬ ಒದ್ದೆ ಮಾಡಿದರೆ ಒಂದು ಲೋಟ ತನಗೆ. ಕಂಬಕ್ಕೆ ಬರೀ ನೀರು, ತನಗೆ ನಿಂಬೆಹಣ್ಣಿನದು. ಗೇಟಿನ ಕಡೆ ಹೋಗಿಬರುವುದು ಹೆಚ್ಚಾಯಿತು; ಕಾವಲುಗಾರ ಮೊದಮೊದಲು ಕಣ್ಣು ಕಿರಿದು ಮಾಡಿದವನು ಆಮೇಲೆ ಅವಳು ಬರುವುದು ಕಂಡರೆ ದಾರಿಯಲ್ಲಿದ್ದ ಇಟ್ಟಿಗೆ ತಳ್ಳುಗಾಡಿ ಸರಿಸತೊಡಗಿದ. ಮೇಲಿನಿಂದ ಅನುಸೂಯಾ ಆಗಾಗ ಕೂಗುವಳು: “ಸಾಬಕ್ಕಾ, ಕಂಬ ಗಟ್ಟಿ ಆದ್ವೇನ?”

“ಕಂಬ ಗಟ್ಟಿ ಆಗ್ಲಿಕ್ಕತ್ತಾವ, ನಾ ತೆಳ್ಳಗಾಗ್ಲಿಕ್ಕತ್ತೀನಿ!”

ಬುಧವಾರದ ಹೊತ್ತಿಗೆ ಮೂತ್ರ ಬಾರ್ಲಿ ನೀರಿನ ಬಣ್ಣಕ್ಕೆ ಬಂತು. ಗುರುವಾರ ನೋವು ಪಕ್ಕೆ ಬಿಟ್ಟು ಕೆಳಹೊಟ್ಟೆಗೆ ಜಾರಿತು. ಸಾಬವ್ವ ಕಂಬಕ್ಕೆ ಒರಗಿ ಬೆವರುತ್ತಲೇ, “ಇಳೀಲಿಕ್ಕತ್ತದ, ಇಳೀಲಿಕ್ಕತ್ತದ,” ಎಂದು ಖುಷಿಪಟ್ಟಳು. ನೋವು ಜಾಗ ಬದಲಿಸಿದ್ದಕ್ಕೆ ಹಿಗ್ಗಿದ ಹೆಂಗಸನ್ನು ಅಂಬಣ್ಣ ಈ ಮೊದಲು ನೋಡಿರಲಿಲ್ಲ. ಆದರೆ ಶುಕ್ರವಾರ ಬೆಳಿಗ್ಗೆ ನೋವೂ ಇಲ್ಲ, ಕಲ್ಲೂ ಇಲ್ಲ. ಸಾಬವ್ವ ಮಡಚಿಟ್ಟ ಹಸಿರು ಸೀರೆ, ಕುಬಸ, ಬಳೆ, ಉಡಿಯ ಸಾಮಾನು ಎಲ್ಲವನ್ನೂ ಒಂದು ಚೀಲದಲ್ಲಿ ತುಂಬಿ, ಅದನ್ನು ಅಂಬಣ್ಣನ ಕೈಗೆ ಕೊಟ್ಟು, “ನಾ ದವಾಖಾನ್ಯಾಗ ಇದ್ರ ನೀವರ ಒಯ್ದು ಮುಟ್ಟಸ್ರಿ,” ಎಂದಳು. ಅಂಬಣ್ಣ ಚೀಲವನ್ನು ವಾಪಸು ಗೂಟಕ್ಕೆ ನೇತುಹಾಕಿ ಕೆಲಸಕ್ಕೆ ಹೋದ.

ಅದೇ ಸಂಜೆ, ಅಂಬಣ್ಣ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದ ಮೇಲೆ, ಶೆಡ್ಡಿನ ಹಿಂದಿನ ತಗಡಿನ ಬಚ್ಚಲಿನಿಂದ ಸಾಬವ್ವನ ಕೂಗು ಕೇಳಿತು. ಎಲ್ಲೋ ಬಿದ್ದಳೆಂದುಕೊಂಡು ಅವನು ಓಡಿದ. ಅವಳು ಬಿದ್ದಿರಲಿಲ್ಲ. ಬಾಗಿಲು ತೆರೆದು ಕೆಂಪು ದಾರದ ಜಾಲರಿಯನ್ನು ದೀಪದ ಹಾಗೆ ಎತ್ತಿ ಹಿಡಿದು ನಿಂತಿದ್ದಳು.

“ಟಣ್ ಅಂತ ಸಪ್ಪಳ ಆತ್ರಿ!”

ತೊಳೆದು ಅಂಗೈ ಮೇಲೆ ಇಟ್ಟುಕೊಂಡರು. ಕಂದುಬಣ್ಣ, ಮೈಯೆಲ್ಲ ಗಂಟುಗಂಟು, ಒಣಗಿದ ಹಿಪ್ಪುನೇರಳೆ ಹಣ್ಣಿನ ಮರಿಯಂತೆ. ಬೆಳಕಿಗೆ ತಿರುಗಿಸಿದರೆ ಅಲ್ಲಲ್ಲಿ ಸಣ್ಣ ಮಿಂಚು. ಅಕ್ಕಪಕ್ಕದವರು ಸಾಲುಗಟ್ಟಿ ಬಂದು ನೋಡಿದರು. ಅಂಬಣ್ಣ ಗೌಂಡಿಯ ಕಣ್ಣಿನಿಂದ ತಿರುಗಿಸಿ ತಿರುಗಿಸಿ ನೋಡಿ, “ಮಾಲು ಗಟ್ಟಿ ಅದ, ಫಿನಿಶಿಂಗ್ ಮಾತ್ರ ಏನೂ ಸರಿಯಿಲ್ಲ,” ಎಂದು ತೀರ್ಪು ಕೊಟ್ಟ. ಆ ರಾತ್ರಿ ಎಲ್ಲರೂ ಅವರ ಮನೆಯಲ್ಲಿ ಚಹಾ ಕುಡಿದರು, ಯಾವ ಜಾಲರಿ ಎಂದು ಮೊದಲು ಕೇಳಿಕೊಂಡು.

ಶನಿವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗುವ ಮೊದಲು ಅಕ್ಕಸಾಲಿಯ ಅಂಗಡಿಯಲ್ಲಿ ನಿಲ್ಲಬೇಕಿತ್ತು. ಬಸುರಿನಲ್ಲಿ ಕಾಲು ಬಾತ ಶಿವಕಾಂತಾಳ ಕಾಲುಂಗುರಗಳನ್ನು ಸಡಿಲು ಮಾಡಲು ಕೊಟ್ಟಿದ್ದರು. ಅವನ್ನು ಇಸಿದುಕೊಂಡ ಮೇಲೆ ಅಂಬಣ್ಣ ಜೇಬಿನಿಂದ ಸಣ್ಣ ಬಾಟಲಿ ತೆಗೆದು ಗಾಜಿನ ಪೆಟ್ಟಿಗೆಯೊಳಗಿದ್ದ ತಕ್ಕಡಿಯನ್ನು ತೋರಿಸಿದ.

“ಖಡಾ ಆಹೆ ಕಾ?” ಎಂದು ಅಕ್ಕಸಾಲಿ ಕೇಳಿದ. ಮರಾಠಿಯಲ್ಲಿ ಉಂಗುರದ ಹರಳೂ ಖಡಾ, ಮೂತ್ರದ ಹರಳೂ ಖಡಾ. ಕನ್ನಡದಲ್ಲೂ ಎರಡಕ್ಕೂ ಹರಳೇ.

“ಖಡಾಚ್ ಆಹೆ. ಘರಚಾ,” ಎಂದ ಅಂಬಣ್ಣ. ಹರಳೇ, ಮನೆಯದು.

ಅಕ್ಕಸಾಲಿ ಚಿಮಟದಿಂದ ಹಿಡಿದು ತೂಗಿದ, ತೂಕ ಹೇಳಿದ, ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು, ಯಾವ ಊರಿನ ಖಡಾ ಇದು, ಹೊಳಪೇ ಇಲ್ಲವಲ್ಲ ಎಂದು ಗೊಣಗಿದ. ಸಾಬವ್ವ ತನ್ನ ಪಕ್ಕೆ ಮುಟ್ಟಿ ತೋರಿಸಿದಳು. ಅರ್ಥವಾದ ಮೇಲೆ ಅವನು ಚಿಮಟವನ್ನು ಎರಡು ಸಲ ತೊಳೆದ, ನಗು ಮಾತ್ರ ತೊಳೆದರೂ ಹೋಗಲಿಲ್ಲ.

ಸ್ಕ್ಯಾನಿನಲ್ಲಿ ನಾಳ ಖಾಲಿಯಾಗಿತ್ತು, ಕಿಡ್ನಿಯ ಊತ ಇಳಿಯುತ್ತಿತ್ತು. ಸಿಂಧು ಬಾಟಲಿಯನ್ನು ಪರೀಕ್ಷೆಗೆ ಇಟ್ಟುಕೊಂಡು, “ಕಲ್ಲು ಹೋಯ್ತು ಅಂತ ನೀರು ಬಿಡ್ಬೇಡಿ, ಒಂದ್ಸಲ ಬಂದವರಿಗೆ ಮತ್ತೆ ಬರೋ ಚಾನ್ಸ್ ಇರತ್ತೆ,” ಎಂದಳು. “ಪಾನಕ ಮಾಡ್ಕೊಂಡೇ ಇರ್ತೀನ್ರಿ,” ಎಂದು ಸಾಬವ್ವ ಮಾತು ಕೊಟ್ಟಳು.

ಭಾನುವಾರ ಶಿರೂರಿನ ಆ ಎರಡು ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತ ಶಿವಕಾಂತಾ ತಾಯಿಯನ್ನು ಕಂಡದ್ದೇ, “ಬಂದೀ ಏನವ್ವಾ,” ಎಂದು ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದಳು. ಹೆಂಗಸರು ಸೀರೆಯೊಂದನ್ನು ಮರೆ ಹಿಡಿದರು. ಸಾಬವ್ವ ಹಸಿರು ಕುಬಸ ತೊಡಿಸಿದಳು. ಸಿಮೆಂಟು ತಿಂದು ಒರಟಾದ ಬೆರಳುಗಳಿಗೆ ಸಣ್ಣ ಗುಂಡಿಗಳು ಬೇಗ ಸಿಗಲಿಲ್ಲ. ಬೇರೆಯವರು ಸಹಾಯಕ್ಕೆ ಬಂದರೆ ಕೈ ತಳ್ಳಿದಳು. ಒಂದೊಂದನ್ನೂ ತಾನೇ ಹಾಕಿದಳು. ಉಡಿ ತುಂಬಿದಳು, ಹೊಸದಾಗಿ ಸಡಿಲಿಸಿದ ಕಾಲುಂಗುರ ಇಟ್ಟಳು.

ಆರತಿ ಮುಗಿಯುವುದನ್ನೇ ಕಾಯುತ್ತಿದ್ದ ಬೀಗತಿ ರಂಗೂಬಾಯಿ, ಮಾತಿನ ಮಲ್ಲಿ, ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತಳು.

“ಏನ್ರಿ ಬೀಗತೇರ, ನಮ್ಮ ಸೊಸಿಗಿಂತ ಮೊದಲ ನೀವೇ ಹಡದು ಬಂದ್ರಂತ?”

ಕೋಣೆ ನಗುವಿನಲ್ಲಿ ಮುಳುಗಿತು. ಸಾಬವ್ವ ಅದಕ್ಕೂ ಸಿದ್ಧವಾಗಿಯೇ ಬಂದಿದ್ದಳು. “ಹೌದ್ರಿ. ಬಾಣಂತನ ಮಾಡ್ಲಿಕ್ಕ ನೀವು ಬರ್ತೀರಂತ ದಾರಿ ನೋಡಿದೆ, ಬರ್ಲಿಲ್ಲ. ಅದಕ್ಕ ನಾನೇ ಎದ್ದು ಬಂದೆ.”

“ಗಂಡೋ ಹೆಣ್ಣೋ?”

“ಅವರಪ್ಪನಂಗ ಅದರಿ. ಕಲ್ಲು!”

ಬಾಗಿಲಲ್ಲಿ ಗಂಡಸರ ನಡುವೆ ನಿಂತಿದ್ದ ಅಂಬಣ್ಣ ಟೋಪಿ ಮುಖಕ್ಕೆ ಎಳೆದುಕೊಂಡ. ರಂಗೂಬಾಯಿ ಬಿಡುವವಳಲ್ಲ. “ಅದೆಲ್ಲ ಖರೆ. ಹುಟ್ಟಿದ ಕೂಸಿಗಿ ಮೊದಲು ಕೇಳೋದು ಏನ? ತೂಕ ಎಷ್ಟದರಿ?”

ಸಾಬವ್ವ ಮಗಳ ಹೆಗಲ ಮೇಲೆ ಕೈಯೂರಿ ನೆಟ್ಟಗೆ ನಿಂತಳು. ಏಳನೆಯ ಮಹಡಿಯಿಂದ ಗೇಟಿನವರೆಗೆ ಕೇಳಿಸುವ ತನ್ನ ಆ ದನಿಯಲ್ಲಿ, ಓಣಿಗೆಲ್ಲ ತಿಳಿಯುವ ಹಾಗೆ ಹೇಳಿದಳು:

“ಅರವತ್ತೆರಡು ಮಿಲಿಗ್ರಾಂ!”